ಹತ್ತೊಂಬತ್ತು ನಿಮಿಷದ ದಾರಿ

ಕುಮಾರಸ್ವಾಮಿ ಲೇಔಟಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕರಿಬಸವಯ್ಯನವರು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆದರೂ ಶಾಲೆಯ ಹಳೇ ಅಟ್ಲಾಸಿನ ಮೇಲೆ ಸ್ಕೇಲಿಟ್ಟು ಅಳೆದು, ಹುಬ್ಬಳ್ಳಿಯಿಂದ ಬೆಳಗಾವಿಗೆ ವಿಮಾನದಲ್ಲಿ ಎಪ್ಪತ್ತೈದು ಕಿಲೋಮೀಟರು, ಹತ್ತೊಂಬತ್ತೇ ನಿಮಿಷ ಎಂದು ಬೀದಿಗೆಲ್ಲ ಸಾರಿದ್ದರು.

೧೯೯೮ರಲ್ಲಿ ಎದುರುಮನೆಯ ಚಿದಾನಂದ್, ಎಷ್ಟೊತ್ತಾಗುತ್ತೆ ಎಂದು ಮೇಷ್ಟ್ರನ್ನು ಮತ್ತೊಮ್ಮೆ ಕೇಳಿಕೊಂಡು, ಆ ಮಾತನ್ನೇ ನಂಬಿದ. ಬೆಳಗಾವಿಯಲ್ಲಿ ಗೆಳೆಯನ ಮದುವೆ. ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಹೋಗಿ, ಕೋಟು ತೊಟ್ಟು ವಿಮಾನ ನಿಲ್ದಾಣಕ್ಕೆ ನಡೆದ. ಗೇಟಿನಲ್ಲಿ ಕೂತಿದ್ದವನು ನಕ್ಕು, ಬಸ್‌ಸ್ಟ್ಯಾಂಡಿನ ದಾರಿ ತೋರಿಸಿದ. ಬಸ್ಸು ಬೆಳಗಾವಿ ಮುಟ್ಟುವಷ್ಟರಲ್ಲಿ ಮುಹೂರ್ತವಿರಲಿ, ಊಟವೂ ಮುಗಿದಿತ್ತು.

ವಾಪಸು ಬಂದವನೇ ಮೇಷ್ಟ್ರ ಮುಂದೆ ನಿಂತ. "ಸಾರ್, ಅಲ್ಲಿಂದ ಬೆಳಗಾವಿಗೆ ವಿಮಾನವೇ ಇಲ್ವಂತೆ."

ಮೇಷ್ಟ್ರು ಅಟ್ಲಾಸಿನಿಂದ ತಲೆ ಎತ್ತಲಿಲ್ಲ. "ಎಷ್ಟೊತ್ತಾಗುತ್ತೆ ಅಂತ ನೀನು ಕೇಳ್ದೆ, ನಾನು ಹೇಳ್ದೆ. ವಿಮಾನ ಇದ್ಯಾ ಅಂತ ಯಾವತ್ತಾದ್ರೂ ಕೇಳಿದ್ಯಾ?"