ಬ್ರೇಕಿಲ್ಲದ ದೋಣಿ

ನನ್ನ ಸೋದರಮಾವ ಬಸ್ಸಿನ ಡ್ರೈವರ್. ರಿಟೈರ್ ಆಗಿದ್ದಾನೆ ನಿಜ, ಆದರೆ ಬಲಗಾಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಟಿ.ವಿ.ಯಲ್ಲಿ ಯಾರೋ ಕಾರು ಓಡಿಸಿದರೂ ಆ ಕಾಲು ಬ್ರೇಕ್ ಒತ್ತುತ್ತದೆ. ಅವನ ಕುರ್ಚಿಯ ಮುಂದಿನ ಜಮಖಾನ ಅದೊಂದೇ ಕಡೆ ಸವೆದು ನೆಲ ಕಾಣುತ್ತದೆ. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದೆಂದರೆ ಅವನಿಗೆ ಪ್ರಾಣಸಂಕಟ. ಒಮ್ಮೆ ಮೈ ಸುಡುವ ಜ್ವರ ಬಂದಾಗಲೂ ನನ್ನ ಕಾರು ಹತ್ತದೆ ಆಸ್ಪತ್ರೆಗೆ ನಡೆದೇ ಹೋದ. ನಾನು ಗಾಡಿಯನ್ನು ನಿಧಾನಕ್ಕೆ ಅವನ ಹಿಂದೆಯೇ ಬಿಟ್ಟುಕೊಂಡು ಹೋದೆ. ಆಗಲೂ ತಿರುಗಿ, "ಕ್ಲಚ್ ಮೇಲಿಂದ ಕಾಲು ತೆಗಿ" ಅಂದಿದ್ದ.

ಇಂಥವನನ್ನು ಕಟ್ಟಿಕೊಂಡ ಅತ್ತೆಗೆ ಇದ್ದದ್ದು ಒಂದೇ ಆಸೆ. ಅವರ ಅಡುಗೆಮನೆಯ ಕಿಟಕಿಯಿಂದ ಸಮುದ್ರದ ನಡುವೆ ಒಂದು ಪುಟ್ಟ ದ್ವೀಪ ಕಾಣುತ್ತದೆ: ಒಂದಷ್ಟು ಬಂಡೆ, ನಾಲ್ಕು ಮರ, ಹಳೆಯ ದೀಪಸ್ತಂಭ. ಮದುವೆಯಾಗಿ ಬಂದಾಗಿನಿಂದ ಪಾತ್ರೆ ತೊಳೆಯುತ್ತ ಅದನ್ನೇ ನೋಡಿದ್ದಾಳೆ. ಒಮ್ಮೆ ಅಲ್ಲಿ ಹೋಗಿ ನಿಲ್ಲಬೇಕು, ಇಷ್ಟೇ. "ರಿಟೈರ್ ಆಗ್ಲಿ, ನೋಡೋಣ" ಎಂದು ಮಾವ ವರ್ಷಗಟ್ಟಲೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತ ಬಂದ. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಗತೊಡಗಿತು. ಕಿಟಕಿಯಿಂದ ಮೊದಲು ಮರಗಳು ಹೋದವು, ಆಮೇಲೆ ದೀಪಸ್ತಂಭ. ಇದು ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ ಎಂದರು ಕಣ್ಣಿನ ಡಾಕ್ಟರು.

"ದೂರಕ್ಕೆ ಕಾಣಲ್ಲ ಅಂದ್ರೆ ಹತ್ರ ಹೋಗಿ ನೋಡ್ತೀನಿ," ಅಂದಳು ಅತ್ತೆ. "ಅದೂ ಕಾಣದೆ ಹೋಗೋ ಮುಂಚೆ. ಈ ಭಾನುವಾರವೇ."

ಮಾವ ತಯಾರಿಗೆ ನಿಂತ. ಡಿಪೋದಿಂದ ಬಸ್ಸು ತೆಗೆಯುವ ಮೊದಲು ಸುತ್ತ ಒಂದು ಸುತ್ತು ಹಾಕಿ, ಟೈರುಗಳನ್ನು ಒದ್ದು ನೋಡುವುದು ಅವನ ಕಸುಬಿನ ರೀತಿ. ಅದೇ ಅಭ್ಯಾಸದಲ್ಲಿ ದೋಣಿಗಳು ನಿಲ್ಲುವ ದಕ್ಕೆಗೆ ಹೋದವನು ಕಟ್ಟಿಹಾಕಿದ್ದ ದೋಣಿಯನ್ನು ಒದ್ದ.

"ಯಾಕ್ ಯಜಮಾನ್ರೇ ಒದೀತೀರಾ?" ಎಂದ ದೋಣಿಯವನು.

"ಬ್ರೇಕ್ ಎಲ್ಲಿದೆ?"

"ದೋಣಿಗೆಂಥ ಬ್ರೇಕು? ಇಂಜಿನ್ ಆಫ್ ಮಾಡಿದ್ರೆ ತಾನಾಗೇ ನಿಲ್ಲುತ್ತೆ."

"ತಾನಾಗೇ," ಎಂದ ಮಾವ. ಅಲ್ಲಿಗೆ ಪ್ರವಾಸ ಮುಗಿಯಿತು. ಮನೆಗೆ ಬಂದು ಕುರ್ಚಿ ಹಿಡಿದವನು ಜಪ್ಪಯ್ಯ ಅಂದರೂ ಏಳಲಿಲ್ಲ. ದೋಣಿ ವಾಲುತ್ತದೆ, ಇಂಜಿನ್ ಕೆಮ್ಮುತ್ತದೆ, ದೋಣಿಯವನ ಕಾಲಲ್ಲಿ ಚಪ್ಪಲಿಯೂ ಇಲ್ಲ.

"ಕುಣಿಯೋಕೆ ಬರದೋರಿಗೆ ನೆಲ ಡೊಂಕು," ಅಂದಳು ಅತ್ತೆ. "ಇಷ್ಟು ವರ್ಷ ನಿಮ್ಮ ಬಸ್ ಹತ್ತಿದೋರು ಬ್ರೇಕ್ ತೋರ್ಸಿ ಅಂತ ಕೇಳಿದ್ರಾ? ನೀವು ಬರದಿದ್ರೆ ಬೇಡ. ನಾನೂ ಇವಳೂ ಹೋಗ್ತೀವಿ," ಎಂದು ನನ್ನತ್ತ ಕೈ ತೋರಿಸಿದಳು.

ಗಂಡನನ್ನು ಬಿಟ್ಟು ಒಂದು ಮದುವೆಮನೆಗೂ ಹೋದವಳಲ್ಲ ಅವಳು. ಮಾವನ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಅವನದು ಹಟವಲ್ಲ, ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವ ಜನ್ಮ ಅಲ್ಲ ಅದು.

ಭಾನುವಾರ ನಾವಿಬ್ಬರೇ ದೋಣಿಯಲ್ಲಿ ಕೂತೆವು. ಇನ್ನೇನು ಹಗ್ಗ ಬಿಚ್ಚಬೇಕು, ಇಸ್ತ್ರಿ ಮಾಡಿದ ಹಳೆಯ ಯೂನಿಫಾರ್ಮ್ ತೊಟ್ಟು ಮಾವ ಬಂದ. ಯಾರ ಮುಖವನ್ನೂ ನೋಡದೆ ದೋಣಿಗೆ ಒಂದು ಒದೆ ಕೊಟ್ಟು, ಹತ್ತಿ, ಅತ್ತೆಯ ಪಕ್ಕದಲ್ಲಿ ಕೂತ. ದೋಣಿಯವನು ಈ ಸಲ ನಕ್ಕು ಹಗ್ಗ ಬಿಚ್ಚಿದ.

ದಡ ಬಿಟ್ಟದ್ದೇ ತಡ, ಬಲಗಾಲು ಹಲಗೆಯನ್ನು ಒತ್ತಿತು. ಅಲೆ ಬಂದಾಗಲೆಲ್ಲ ಒತ್ತಿತು. ಅತ್ತೆ ಸುಮಾರು ಹೊತ್ತು ಆ ಕಾಲನ್ನೇ ನೋಡಿ, ತನ್ನ ಕಾಲನ್ನೂ ಹಲಗೆಗೆ ಊರಿ ಒತ್ತಿದಳು.

"ನೀನ್ಯಾಕೆ ಒತ್ತಾ ಇದ್ದೀಯ?" ಎಂದ ಮಾವ.

"ಅಭ್ಯಾಸ. ನಿಮ್ಮ ಬಸ್ಸಲ್ಲಿ ನಿಮ್ಮ ಹಿಂದಿನ ಸೀಟಲ್ಲಿ ಕೂತಾಗೆಲ್ಲ ಒತ್ತಿದ್ದೀನಿ."

"ನನ್ನ ಬಸ್ಸಲ್ಲಾ?"

"ನಿಮ್ಮ ಬಸ್ಸಲ್ಲೇ. ಹೆದರಿಕೆ ಆಗ್ತಿತ್ತು. ಆದ್ರೂ ಹತ್ತುತ್ತಿದ್ದೆ."

ದ್ವೀಪ ಹತ್ತಿರವಾದಾಗ ದೋಣಿಯವನು ಇಂಜಿನ್ ಆಫ್ ಮಾಡಿದ. ಸದ್ದು ನಿಂತು, ದೋಣಿ ತಾನಾಗಿ ಜಾರತೊಡಗಿತು. ಮಾವನ ಬಲಗಾಲು ಮೆಲ್ಲಗೆ ಹಲಗೆ ಬಿಟ್ಟಿತು. ಅವನು ಅತ್ತೆಯ ಕೈ ಹಿಡಿದುಕೊಂಡ.

"ದೀಪಸ್ತಂಭ ಎಡಗಡೆ ಇದೆ," ಎಂದ. "ಅದರ ಪಕ್ಕ ಮರಗಳು. ನಾಲ್ಕಲ್ಲ ಕಣೇ, ಐದು. ಒಂದು ಹಿಂದೆ ಇದೆ, ನಮ್ಮ ಕಿಟಕಿಯಿಂದ ಕಾಣ್ತಿರ್ಲಿಲ್ಲ."

"ಕಾಣ್ತಿದೆ," ಅಂದಳು ಅತ್ತೆ. "ಹೇಳ್ತಾ ಇರಿ."