ಗಂಗಿಯ ಒರಳಿಗೆ ತಣ್ಣೀರೇ ಬೇಕು

ಕುಮಟಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೀಮೆಎಣ್ಣೆಗೂ ರೇಷನ್ ಇರುವ ದಿನಗಳು, ದೀಪವಿಲ್ಲದೆಯೇ ಕೆಲಸ. ಮಾಂಸದಂಗಡಿಯಿಂದ ಆಗಷ್ಟೇ ತಂದ ಆಡಿನ ಮೂತ್ರಪಿಂಡಗಳ ಮೇಲೆ ಗಂಗಿ ಬಾವಿಯ ನೀರು ಸುರಿಯುತ್ತಾಳೆ. ರಕ್ತ ಬಸಿದ ಮೇಲೆ ಕೊಚ್ಚಿ ಒರಳಿಗೆ ಹಾಕುತ್ತಾಳೆ. ಬೆರಳುಗಳು ಜೋಮು ಹಿಡಿದಿವೆ. ದಾರಿಹೋಕರು ಮೂಗು ಮುಚ್ಚಿಕೊಳ್ಳುತ್ತಾರೆ. ಇವಳ ಹೆಸರು ಯಾವ ವಿಜ್ಞಾನ ಪತ್ರಿಕೆಯಲ್ಲೂ ಬರುವುದಿಲ್ಲ, ಬಿಡಿ.

ಅರೆದದ್ದರ ಸಾರ ತೆಗೆದು ಪ್ರಯೋಗ ಮಾಡುವವರು ರಮಾನಂದ ಮಾಸ್ತರು. ಮುಂಬಯಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಯುದ್ಧ ಶುರುವಾದಾಗ ಊರಿಗೆ ಮರಳಿದರು. ಅವರು ವಿವರಿಸುವುದಿಷ್ಟು: ನಮ್ಮ ಮೈ ಕಟ್ಟುವ ಅಮೈನೋ ಆಮ್ಲಗಳಿಗೆ ಎಡಗೈ ಬಲಗೈಯಂತೆ ಎರಡು ರೂಪ. ಮೈಗೆ ಒಗ್ಗುವುದು ಒಂದು. ಇನ್ನೊಂದು ಒಳಸೇರಿದರೆ ಅದನ್ನು ಮುರಿಯುವ ಕಿಣ್ವ ಮೂತ್ರಪಿಂಡದಲ್ಲಿದೆ. ಕಿಣ್ವ ಚುರುಕಾಗಿದ್ದರೆ ಆ ಆಮ್ಲದ ಮಟ್ಟ ಇಳಿಯುತ್ತದೆ, ಮಂಕಾದರೆ ಉಳಿದುಬಿಡುತ್ತದೆ. ಬಿಸಿ ತಗುಲಿದರಂತೂ ಕಿಣ್ವ ಸತ್ತಂತೆಯೇ.

ಗಂಗಿ ಮಾಸ್ತರ ಮನೆಯ ಈ ಕೆಲಸಕ್ಕೆ ಬಂದದ್ದು ಮಗಳು ದೇವಿಗಾಗಿ. ಹುಡುಗಿಯ ಮುಖ, ಕಾಲು ಬಾತಿದ್ದವು. ಮೂತ್ರಪಿಂಡ ಕೆಟ್ಟಿದೆ ಎಂದರು ಹೊನ್ನಾವರದ ಡಾಕ್ಟರು. ಮಾಸ್ತರ ಸಾರ ಮದ್ದಾದೀತೆಂದು ಗಂಗಿ ಆಸೆಪಟ್ಟಳು. ಇದು ಮದ್ದಲ್ಲವೆಂದು ಮಾಸ್ತರು ಮೊದಲ ದಿನವೇ ಹೇಳಿದ್ದರು. ಆಸೆ ಕೇಳಬೇಕಲ್ಲ.

ಹೋದ ಮಳೆಗಾಲದಲ್ಲಿ ಒಮ್ಮೆ ಮಗಳನ್ನು ಬಿಟ್ಟುಬರಲಾಗದೆ ಮೂತ್ರಪಿಂಡಗಳನ್ನು ಮನೆಗೇ ಒಯ್ದಳು. ಬಾತ ಮೈಗೆ ಥಂಡಿ ತಾಗಿಸಬಾರದೆಂದು ಅವರ ಮನೆಯ ರೂಢಿ. ದೇವಿಯನ್ನು ಮೀಯಿಸಲು ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

“ಮಗಳಿಗೆ ಕೆಟ್ಟದ್ದೂ ಮೂತ್ರಪಿಂಡ, ನಾ ತೊಳೆಯೂದೂ ಮೂತ್ರಪಿಂಡ. ತಣ್ಣೀರು ಹೊಯ್ಯುಕೆ ಕೈಯೇ ಬರ್ಲಿಲ್ಲ. ಹಂಡೆ ನೀರು ಹೊಯ್ದೆ. ಎಂತ ಮಾಡೂದು?” ಎನ್ನುತ್ತಾಳೆ.

ಅಂದಿನ ಸಾರದಲ್ಲಿ ಜೀವವಿರಲಿಲ್ಲ. ಕೊಳವೆಗೆ ಹಾಕಿದ ಆಮ್ಲ ಹಾಕಿದಷ್ಟೇ ಉಳಿಯಿತು. ಮಾಸ್ತರು ಕೆಂಡಾಮಂಡಲವಾದರು. ಕಾರಣ ಕೇಳಿದ ಮೇಲೆ ಕೊಳವೆ ತೊಳೆದಿಟ್ಟು ಅವಳನ್ನು ಮಗಳ ಬಳಿಗೆ ಕಳಿಸಿದರು. ಆ ವಾರವೇ ದೇವಿ ತೀರಿಕೊಂಡಳು.

ಇನ್ನು ಗಂಗಿ ಬರಲಾರಳೆಂದು ಮಾಸ್ತರು ಬೇರೆಯವರನ್ನು ಹುಡುಕುತ್ತಿದ್ದರು. ಅವಳೇ ಬಂದು ಬಾವಿಕಟ್ಟೆಯಲ್ಲಿ ಕೊಡ ಇಟ್ಟಳು. ಮಗಳೇ ಇಲ್ಲದ ಮೇಲೆ ಈ ಕೆಲಸ ಯಾಕೆ ಎಂದು ಕೇಳಿದರೆ ಒರಳು ತಿರುವುತ್ತಲೇ ಉತ್ತರಿಸುತ್ತಾಳೆ.

“ಮನೇಲಿ ಕೂತು ಎಂತ ಮಾಡ್ಲಿ? ಮಗಳನ್ನ ಉಳಿಸ್ಕಂಬುಕೆ ಆಗ್ಲಿಲ್ಲ, ಆತು. ನಾ ಅರೆದದ್ದಾದ್ರೂ ಜೀವ ಹಿಡ್ಕಂಡಿರ್ಲಿ.”

ಅರೆದು ಕೊಟ್ಟು ಅವಳು ಮೆಟ್ಟಿಲ ಮೇಲೆ ಕೂರುತ್ತಾಳೆ. ಒಳಗಿನಿಂದ ಮಾಸ್ತರು “ಆಮ್ಲ ಇಳೀತು ಗಂಗಿ” ಎನ್ನುವವರೆಗೂ ಮನೆಗೆ ಹೋಗುವುದಿಲ್ಲ.