ಖಾಲಾಳ ಹೊಲ

ಖಾಲಾಳ ಎಡ ಮೊಣಕಾಲು ಮಡಚುತ್ತಿರಲಿಲ್ಲ. ನೆಲಕ್ಕೆ ಕೂಡಬೇಕೆಂದರೆ ಮೊದಲು ಗೋಡೆಗೋ ಗಿಡಕ್ಕೋ ಅಂಗೈ ಊರಿ, ಬಲಗಾಲು ಮಡಚಿ, ಎಡಗಾಲನ್ನು ಬಡಿಗೆಯ ಹಾಗೆ ಮುಂದಕ್ಕೆ ಚಾಚಿ, "ಯಾ ಅಲ್ಲಾ" ಅಂತ ದೊಪ್ಪನೆ ಕುಸಿಯುವಳು. ಕುಂತ ಮೇಲೆ ಸೆರಗು ಸರಿಮಾಡಿಕೊಂಡು ಸುತ್ತ ಒಮ್ಮೆ ನೋಡುವಳು, ಈಗ ಯಾರು ಎಬ್ಬಿಸುತ್ತೀರೋ ನೋಡೋಣ ಅನ್ನುವ ಹಾಗೆ.

ಕೊಟ್ಟೂರಿನಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗಂಡ ಲಾರಿ ಮೆಕ್ಯಾನಿಕ್. ಖಾಲಾ ಎಂದರೆ ಚಿಕ್ಕಮ್ಮ. ಅಕ್ಕನ ಮಕ್ಕಳು ಹಾಗೆ ಕರೆಯುವುದನ್ನು ಕೇಳಿ ಇಡೀ ಓಣಿಯೇ ಖಾಲಾ ಎನ್ನತೊಡಗಿತ್ತು. ಬಾಯಿ ಬಲು ಜೋರು. ತರಕಾರಿಯವನು ಹುಳುಕು ಬದನೆಕಾಯಿ ಹಾಕಿದರೆ ಅದನ್ನು ಅವನ ಕೈಯಲ್ಲೇ ಇಟ್ಟು, "ನಿಮ್ಮನಿಗೆ ಒಯ್ಯಿ. ನಿನ್ ಹೆಂಡ್ತಿ ಏನಂತಾಳ ಕೇಳ್ಕೊಂಡು ಬಾ" ಅನ್ನುವಳು. ಅವನು ಬೇರೆ ಆರಿಸಿ ಕೊಡುತ್ತಿದ್ದ.

ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಹೊಲ ಇದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆಗೆ ಪೂಜೆ ಮಾಡಿ, ಅಡಿಗೆಯಲ್ಲಿ ಒಂದಿಷ್ಟನ್ನು ಭೂಮಿತಾಯಿಗೆಂದು ಸುತ್ತಲೂ ಚರಗ ಚೆಲ್ಲಿ, ಬಂಧುಬಳಗ ಕೂಡಿ ಉಣ್ಣುತ್ತಾರೆ. ಹೊಲ ಇಲ್ಲದವರು ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಅಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ, ದಿನವಿಡೀ ನಿಂತೇ ಇರುವ ಕೆಲಸ. ಸೀಗಿ ಹುಣ್ಣಿಮೆಗೆ ಅಂಗಡಿಗೆ ರಜೆ, ಅಪ್ಪನಿಗಲ್ಲ. ಅಂಗಡಿಯ ಸಾಹುಕಾರರ ಹೊಲದಲ್ಲಿ ಅವರ ನೆಂಟರಿಗೆಲ್ಲ ಬಡಿಸಿ, ಅವರು ಎದ್ದ ಮೇಲೆ ತಾನು ಉಂಡು, ಸಂಜೆ ನಮಗೆಂದು ಒಂದು ಹೋಳಿಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದ. ಆ ಹೋಳಿಗೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ವರ್ಷ ಆ ಪೇಪರಿನ ಗಂಟು ಖಾಲಾಳ ಕಣ್ಣಿಗೆ ಬಿತ್ತು. "ಬರೋ ವರ್ಷ ನಮ್ಮ ಹೊಲಕ್ಕ ಹೋಗೂಣು" ಅಂದಳು.

ಅವ್ವ ನಕ್ಕಳು. ಅವ್ವನಿಗೆ ಮಾತ್ರ ಆಕೆ ಆಪಾ, ಅಂದರೆ ಅಕ್ಕ. "ನಿಂದ್ಯಾವ ಹೊಲ ಐತಿ ಆಪಾ?"

"ಪಾರ್ಕ್ ಐತಲ್ಲ. ಸರ್ಕಾರದ್ದಂದ್ರ ಅದ್ರಾಗ ನಂದೂ ಒಂದು ಸಾಲು ಇರ್ತೈತಿ, ನಿಂದೂ ಒಂದು ಸಾಲು ಇರ್ತೈತಿ."

ಪಾರ್ಕೆಂದರೆ ನೀರಿನ ಟ್ಯಾಂಕಿನ ಪಕ್ಕದ ತುಂಡು ಜಾಗ. ಎರಡು ಜೋಕಾಲಿ, ಕೊಂಬು ಮುರಿದ ಸಿಮೆಂಟಿನ ಜಿಂಕೆ, ನಾಲ್ಕಾರು ಹೊಂಗೆ ಗಿಡ. ಬೆಳಿಗ್ಗೆ ವಾಕಿಂಗ್ ಬರುವ ದೊಡ್ಡವರು ಒಂದು ಸಮಿತಿ ಮಾಡಿಕೊಂಡು ಬೋರ್ಡು ಬರೆಸಿದ್ದರು: ಹುಲ್ಲಿನ ಮೇಲೆ ಕೂಡಬಾರದು, ತಿಂಡಿ ತಿನಿಸು ತರಬಾರದು. ಕೂಡಬಾರದೆನ್ನಲು ಅಲ್ಲಿ ಹುಲ್ಲಾದರೂ ಎಲ್ಲಿತ್ತು? ಆ ಸಮಿತಿಗೆ ನಮ್ಮಪ್ಪನ ಸಾಹುಕಾರರೇ ಅಧ್ಯಕ್ಷರು.

ಮರುವರ್ಷದ ಸೀಗಿ ಹುಣ್ಣಿಮೆಗೆ ಖಾಲಾ ಹೇಳಿಕೊಟ್ಟಂತೆ ಅಪ್ಪ ಸಾಹುಕಾರರಿಗೆ ಫೋನ್ ಮಾಡಿ ಜ್ವರ ಅಂದ. ಎರಡೂ ಮನೆಯವರು ಪಾರ್ಕಿಗೆ ಹೋದೆವು. ಖಾಲಾ ಬುತ್ತಿಯ ಚೀಲವನ್ನು ಆ ಬೋರ್ಡಿಗೇ ನೇತುಹಾಕಿ, ಹೊಂಗೆ ಗಿಡಕ್ಕೆ ಕೈ ಊರಿ, ಜಮಖಾನದ ಮೇಲೆ ಕುಸಿದಳು. ಅವ್ವನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಖಾಲಾಳ ಮಸಾಲೆ ಒಗ್ಗರಣೆಯ ಬಗಾರಾ ಅನ್ನ. ಅವ್ವ ಗಿಡದ ಸುತ್ತ ಚರಗ ಚೆಲ್ಲಿದಳು. ವಾಚ್‌ಮನ್ ಓಡಿ ಬಂದು, ಅನ್ನ ಚೆಲ್ಲಿದರೆ ಇರುವೆ ಬರುತ್ತವೆ ಅಂದ.

"ಬರ್ಲಿ ಬಿಡು. ಅವಕ್ಕೇನು ಹೊಲ ಐತೇನು?" ಅಂದಳು ಖಾಲಾ.

ಅವನು ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಸಾಹುಕಾರರ ಕಾರು ಬಂತು. ಹಣೆಯ ಮೇಲೆ ಪೂಜೆಯ ಕುಂಕುಮ, ಬಾಯಿ ತುಂಬ ಎಲೆ ಅಡಿಕೆ. ನೇರ ನಮ್ಮ ಹತ್ತಿರ ಬಂದವರು ಅಪ್ಪನನ್ನು ಕಂಡು ನಿಂತರು.

"ಏನಪಾ, ಜ್ವರ ಇಳೀತೇನು?"

ಅಪ್ಪ ತಟ್ಟೆ ಹಿಡಿದೇ ಎದ್ದುಬಿಟ್ಟ. ಎಂಜಲ ಕೈ, ಬಾಯಲ್ಲಿ ಹೋಳಿಗೆ, ನುಂಗಲೂ ಆಗದು ಉಗುಳಲೂ ಆಗದು. ಅವ್ವ ತಲೆ ತಗ್ಗಿಸಿದಳು. ಅಪ್ಪನ ಕೆಲಸ ಹೋದರೆ ನಮ್ಮ ಒಲೆ ಆರುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಎಲ್ಲಾರನ್ನೂ ಎಬ್ಬಿಸಿಕೊಂಡು ನಡಿ. ಇದು ಉಣ್ಣೋ ಜಾಗ ಅಲ್ಲ" ಅಂದರು ಸಾಹುಕಾರರು.

ಖಾಲಾ ಕುಂತಲ್ಲಿಂದಲೇ ಕೇಳಿದಳು, "ಸಾಹುಕಾರ್ರ, ಊಟ ಆತೇನ್ರಿ?"

ಹಬ್ಬದ ದಿನ ಕೇಳಿದ್ದಕ್ಕೆ ಉತ್ತರ ಕೊಡದೆ ಇರಲಾಗದು. "ಆತು."

"ಎಲ್ಲಿ ಉಂಡ್ರಿ?"

"ನಮ್ಮ ಹೊಲದಾಗ."

"ಅಲ್ಲಿ ನಿಮಗ ಯಾರರ ಏಳು ಅಂದ್ರೇನ್ರಿ?"

"ಅದು ನನ್ನ ಸ್ವಂತ ಹೊಲ."

"ಹೌದ್ರಿ. ಇದು ನಿಮ್ದಲ್ಲ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಕೂಡು ತಮ್ಮಾ. ಕುಂತವ ಉಂಡಾ ಏಳಬೇಕು. ನಡುವ ಎದ್ರ ಅನ್ನಕ್ಕ ಅವಮಾನ."

ಅಪ್ಪ ಸಾಹುಕಾರರನ್ನು ನೋಡಿದ, ಖಾಲಾಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕೂತ. ಸಾಹುಕಾರರ ಎದುರಿಗೆ ಅಪ್ಪ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಟ್ಟೆಯನ್ನು ಅವ್ವನ ಕಡೆ ಸರಿಸಿ, "ಇನ್ನೊಂದು ಹೋಳಿಗಿ ಹಾಕು" ಅಂದ. ನನಗೆ ಆಗ ಆದ ಹಿಗ್ಗನ್ನು ಏನೆಂದು ಹೇಳಲಿ! ಊರಿಗೆಲ್ಲ ಕೂಗಿ ಹೇಳಬೇಕೆನಿಸಿತ್ತು.

"ನೀವೂ ಬರ್ರಿ, ಒಂದು ತುತ್ತು ಉಣ್ಣಬರ್ರಿ" ಎಂದು ಖಾಲಾ ಕರೆದಳು. ಅದು ಕುಚೋದ್ಯವಲ್ಲ, ಉಣ್ಣುವಾಗ ಎದುರಿಗೆ ನಿಂತವರನ್ನು ಕರೆಯದೆ ಇರುವ ಜಾಯಮಾನ ಆಕೆಯದಲ್ಲ. ಸಾಹುಕಾರರು ಎಲೆ ಅಡಿಕೆ ಉಗುಳಲು ಜಾಗ ಹುಡುಕುತ್ತ ಗೇಟಿನ ಕಡೆ ಹೋದರು.

ಮರುದಿನ ಅಪ್ಪ ಹೆದರುತ್ತಲೇ ಅಂಗಡಿಗೆ ಹೋದ. ದೀಪಾವಳಿ ವ್ಯಾಪಾರ ಎದುರಿಗಿತ್ತು, ಪಳಗಿದ ಆಳನ್ನು ಬಿಡಿಸುವ ಕಾಲವಲ್ಲ. ಸಾಹುಕಾರರು ಕೆಲವು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಸರಿಹೋದರು. ಆದರೆ ಅಪ್ಪ ಮತ್ತೆಂದೂ ಅವರ ಹೊಲಕ್ಕೆ ಬಡಿಸಲು ಹೋಗಲಿಲ್ಲ. ಪೇಪರಿನ ಹೋಳಿಗೆ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಓಣಿಯ ಟೇಲರು, ಹಮಾಲರ ಮನೆಯವರೂ ಹೊಂಗೆ ಗಿಡದ ಕೆಳಗೆ ಜಮಖಾನ ಹಾಸತೊಡಗಿದರು. ಸಮಿತಿಯವರು ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರು. ಚೀಲ ನೇತುಹಾಕಲು ಒಳ್ಳೆಯದಾಯಿತು ಅಂದಳು ಖಾಲಾ.

ಕಳೆದ ಮಳೆಗಾಲದಲ್ಲಿ ಖಾಲಾ ತೀರಿಕೊಂಡಳು. ಸಕ್ಕರೆ ಕಾಯಿಲೆ ಕಾಲಿನಿಂದ ಹಿಡಿದು ಕಿಡ್ನಿಯವರೆಗೂ ಹೋಗಿತ್ತು. ಅಪ್ಪ ಖಬರಸ್ತಾನದವರೆಗೂ ನಡೆದು ಹೋಗಿ, ಹಿಡಿ ಮಣ್ಣು ಹಾಕಿ ಬಂದ.

ಆ ವರ್ಷದ ಸೀಗಿ ಹುಣ್ಣಿಮೆಗೆ ಹೋಗುವುದೋ ಬೇಡವೋ ಎಂದು ಅವ್ವ ಅನುಮಾನಿಸಿದಳು. ಅಪ್ಪನೇ ಚೀಲ ತೆಗೆದುಕೊಂಡು ಮುಂದೆ ನಡೆದ. ಬೋರ್ಡಿಗೆ ಅದನ್ನು ನೇತುಹಾಕಿ, ಹೊಂಗೆ ಗಿಡಕ್ಕೆ ಅಂಗೈ ಊರಿ ಕೂತ. ಜೀವಮಾನವಿಡೀ ನಿಂತು ನಿಂತು ಈಗ ಅವನ ಮೊಣಕಾಲೂ ಸರಿಯಾಗಿ ಮಡಚುವುದಿಲ್ಲ. ವಾಚ್‌ಮನ್ ಹೊಸಬ. ಬಂದವನೇ ಏಳ್ರಿ ಅಂದ.

ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಕುಂತೀವಿ ತಮ್ಮಾ. ಉಂಡ ಏಳ್ತೀವಿ" ಅಂದ. "ನೀನೂ ಬಾ, ಕೂಡು."